ನೆಲದೊಳಗಿಂದ ನಡೆದು ಬಂದ ಸದ್ದು

ಶಿಡ್ಲಘಟ್ಟದಿಂದ ಚಿಂತಾಮಣಿಯ ದಾರಿ ಹಿಡಿದು ಮೂರು ಮೈಲಿ ನಡೆದರೆ ಕುಂಟಪಾಳ್ಯ. ಆ ಊರಿಗೆ ಮೊಟ್ಟಮೊದಲು ಆಯಿಲ್ ಎಂಜಿನ್ ತಂದವರು ವೆಂಕಟರವಣಪ್ಪ. ಐವತ್ತೇಳನೆಯ ಇಸವಿ, ಸಂಕ್ರಾಂತಿ ಕಳೆದು ಎಂಟು ದಿನವಾಗಿತ್ತು. ಚಿಕ್ಕಬಳ್ಳಾಪುರದ ರೈಲ್ವೆ ಸ್ಟೇಷನ್ನಿನಿಂದ ಗಾಡಿಯ ಮೇಲೆ ಹೇರಿಕೊಂಡು ಬಂದ ಆ ಕಬ್ಬಿಣದ ಮುದ್ದೆಯನ್ನು ಬಾವಿಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂರಿಸುವುದಕ್ಕೆ ಹನ್ನೆರಡು ಆಳು ಬೇಕಾಯಿತು. ನಲ್ಲಪ್ಪ ಎಂಬ ಮೇಸ್ತ್ರಿ ಗಾಡಿಯ ಜೊತೆಯಲ್ಲೇ ಬಂದಿದ್ದ. ಅವನು ಹ್ಯಾಂಡಲ್ ಹಾಕಿ ಗರಗರ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿತು, ಮೂರನೆಯ ಸಲ ಕಪ್ಪು ಹೊಗೆ ಉಗುಳಿ ಡುಗ್ ಡುಗ್ ಡುಗ್ ಎಂದು ಹಿಡಿದುಕೊಂಡಿತು. ಬೇವಿನ ಮರದ ಕಾಗೆಗಳೆಲ್ಲ ಒಟ್ಟಿಗೇ ಎದ್ದು ಹೋದವು. ಸುತ್ತ ನಿಂತಿದ್ದ ಊರಿನವರು ನಾಲ್ಕು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಪೈಪಿನ ಬಾಯಿಂದ ನೀರು ಬಂತು.

ಬಂತು ಅಂದರೆ ಸಾಲದು. ಜೋಡಿ ಎತ್ತು ಕಟ್ಟಿ ಕಪಿಲೆ ಹೊಡೆದು, ಒಂದೊಂದೇ ಚರ್ಮದ ಚೀಲದಲ್ಲಿ ಮೇಲೆ ಬರುತ್ತಿದ್ದ ನೀರನ್ನು ಮಾತ್ರ ಕಂಡಿದ್ದ ಜನ ಅವರು. ತೋಳಿನ ಗಾತ್ರದ ನೀರು ಉಸಿರು ಬಿಡದೆ ಬಂದು ಕಾಲುವೆಗೆ ಬೀಳತೊಡಗಿತು. ವಯಸ್ಸಾದವರೊಬ್ಬರು ಕೈಮುಗಿದರು. ಪಕ್ಕದ ಮನೆಯ ಓಬಳಮ್ಮ ಮುಂದೆ ಬಂದು, ಬೀಳುವ ನೀರಿಗೆ ಅಂಗೈ ಒಡ್ಡಿ, ಅದು ತನ್ನ ಕೈಯನ್ನು ತಳ್ಳಿಬಿಟ್ಟ ಜೋರಿಗೆ ಬೆರಗಾಗಿ, "ಅಬ್ಬಬ್ಬಾ, ಏನು ಬಲ ಕಣಣ್ಣ ಇದಕ್ಕೆ!" ಎಂದಳು.

ವೆಂಕಟರವಣಪ್ಪನವರಿಗೆ ಅವತ್ತು ಹೊಟ್ಟೆ ತುಂಬಿದಂತಾಗಿತ್ತು. ಎಂಜಿನ್ನಿನ ಸದ್ದು ಕೆರೆಯ ಏರಿಯ ಆಚೆಗೂ ಕೇಳುತ್ತಿತ್ತಂತೆ. ಹಾದಿಹೋಕರು ನಿಂತು, ಇದು ಯಾರ ತೋಟದ್ದು ಎಂದು ವಿಚಾರಿಸುತ್ತಿದ್ದರಂತೆ. ಆ ಸದ್ದು ದೂರ ಹೋದಷ್ಟೂ ಅವರಿಗೆ ಸಂತೋಷ. ಅದು ಪಕ್ಕದ ಮನೆಗೂ ಹೋಗುತ್ತದೆ ಎಂಬುದು ಮಾತ್ರ ಅವರ ತಲೆಗೆ ಹೊಳೆಯಲಿಲ್ಲ.

ಪಕ್ಕದ ಮನೆ ಅಂದರೆ ಎಷ್ಟು ದೂರ? ಎಂಜಿನ್ ಕಟ್ಟೆಯಿಂದ ಹನ್ನೆರಡು ಮಾರು. ಅಲ್ಲಿ ಓಬಳಮ್ಮ, ಅವಳ ಗಂಡ ಆವುಲಪ್ಪ ರೇಷ್ಮೆ ಹುಳ ಸಾಕಿಕೊಂಡು ಇದ್ದರು. ಮುಂದೆ ವಾಸದ ಎರಡು ಅಂಕಣ, ಹಿಂದೆ ಮಣ್ಣಿನ ಗೋಡೆಯ, ಹುಲ್ಲು ಹೊದಿಸಿದ ಉದ್ದನೆಯ ಹುಳುಮನೆ. ಆವುಲಪ್ಪ ಮೆತ್ತಗಿನ ಮನುಷ್ಯ. ಹೊತ್ತು ಹುಟ್ಟುವ ಮೊದಲೇ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹಾಕಿದರೆ ಅವನ ಕೆಲಸ ಮುಗಿಯಿತು. ಮಿಕ್ಕದ್ದೆಲ್ಲ ಓಬಳಮ್ಮನದು.

ಓಬಳಮ್ಮ ಗೌರಿಬಿದನೂರಿನ ಕಡೆಯ ಹೆಣ್ಣು. ಅವಳ ತವರಿನಲ್ಲಿ ಹುಳವೂ ಇಲ್ಲ, ಸೊಪ್ಪೂ ಇಲ್ಲ. ಮದುವೆಯಾಗಿ ಬಂದ ವರ್ಷ, ಅತ್ತೆ ಚಿಕ್ಕವೆಂಕಟಮ್ಮ ಜ್ವರ ಬಂದು ಮಲಗಿದ್ದಾಗ, ಸೊಸೆ ಮಂಜಿನಲ್ಲಿ ತೊಯ್ದ ಸೊಪ್ಪನ್ನು ಒರೆಸದೆ ಹುಳಕ್ಕೆ ಹಾಕಿದ್ದಳು. ನಾಲ್ಕೇ ದಿನದಲ್ಲಿ ತಟ್ಟೆಗಟ್ಟಲೆ ಹುಳ ಕರಗಿ ನೀರಾಗಿಹೋಯಿತು. ಅತ್ತೆ ಬೈಯಲಿಲ್ಲವಂತೆ. "ಅದಕ್ಕೆ ಬಾಯಿಲ್ಲ ಕಣಮ್ಮ, ಅದು ಹೇಳಲ್ಲ. ನೀನೇ ಕೂತ್ಕಂಡು ನೋಡ್ಬೇಕು" ಎಂದಳಂತೆ. ಅವತ್ತಿನಿಂದ ಓಬಳಮ್ಮ ಕೂತು ನೋಡುವುದನ್ನು ಕಲಿತಳು. ಇಪ್ಪತ್ತು ವರ್ಷ ನೋಡಿದಳು. ಈಗ ಹುಳುಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, ಒಳಗೆ ಹುಳಗಳು ಸೊಪ್ಪು ಮೇಯುವ ಸರಸರ ಸದ್ದನ್ನು ಕೇಳಿಯೇ, ಯಾವ ತಟ್ಟೆಯಲ್ಲಿ ಸೊಪ್ಪು ಮುಗಿಯುತ್ತ ಬಂತು ಎಂದು ಹೇಳುತ್ತಿದ್ದಳು. ಹುಳ ಪೊರೆ ಬಿಡುವುದಕ್ಕೆ ತಲೆಯೆತ್ತಿ ನಿದ್ದೆಗೆ ನಿಂತಾಗ ಗಂಡ ಕೆಮ್ಮಿದರೂ ಗದರುವ ಹಾಗೆ ಕಣ್ಣು ಬಿಡುತ್ತಿದ್ದಳು. ಶಿಡ್ಲಘಟ್ಟದ ಗೂಡಿನ ಸಂತೆಯಲ್ಲಿ ಅವಳ ಬುಟ್ಟಿ ಇಳಿದರೆ, ನೂಲು ಬಿಚ್ಚುವವರು ಬಟ್ಟೆ ಸರಿಸಿಯೂ ನೋಡದೆ ತೆಗೆದುಕೊಳ್ಳುತ್ತಿದ್ದರು.

ಇದೆಲ್ಲ ವೆಂಕಟರವಣಪ್ಪನವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೆ ಪಕ್ಕದಲ್ಲೇ ಇರುವ ಮನುಷ್ಯರ ಹೆಚ್ಚುಗಾರಿಕೆ ಕಣ್ಣಿಗೆ ಬೀಳುವುದು ಕಷ್ಟ.

ಎಂಜಿನ್ ಬಂದು ಒಂದೂವರೆ ತಿಂಗಳಿಗೆ ಓಬಳಮ್ಮ ಸೆರಗಿನಲ್ಲಿ ಒಂದು ಹಿಡಿ ಗೂಡು ಕಟ್ಟಿಕೊಂಡು ಅವರ ಜಗಲಿಗೆ ಬಂದಳು.

"ಅಣ್ಣ, ಒಂದು ಮಾತು ಹೇಳಿ ಹೋಗಣ ಅಂತ ಬಂದೆ."

"ಹೇಳಮ್ಮ."

"ನನ್ನ ಗೂಡು ಕೆಟ್ಟೋಗವೆ. ಶಿಡ್ಲಘಟ್ಟದ ಪ್ಯಾರೇಜಾನ್ ಸಾಬರು ನೂಲು ತೆಗೆಯಕ್ಕೆ ಹೋದ್ರೆ ಎಳೆ ಕಡಿದು ಕಡಿದು ಬರ್ತೈತಂತೆ. ಒಂದೊಂದು ಗೂಡಿಗೆ ಎಂಟು ಕಡೆ, ಹತ್ತು ಕಡೆ. ಇಷ್ಟು ವರ್ಷದಾಗೆ ನನಗೆ ಈ ಮಾತು ಬಂದಿರ್ಲಿಲ್ಲ."

"ಸೊಪ್ಪು ಬಲ್ತಿರ್ಬೇಕು."

"ಸೊಪ್ಪು ಎಳೇದೇ ಅಣ್ಣ. ಹುಳ ಗೂಡು ಕಟ್ಟೋವಾಗ ಬೆದರ್ತವೆ. ಕಟ್ತಾ ಕಟ್ತಾ ನಿಂತುಬಿಡ್ತವೆ, ತಲೆ ಎತ್ಕಂಡು. ಕಣ್ಣಾರೆ ಕಂಡೆ. ನಿನ್ನ ಎಂಜಿನ್ ನಿಂತ ಮೇಲೆ ತಿರ್ಗಾ ಶುರು ಮಾಡ್ತವೆ. ನಿಂತ ಕಡೆಯೆಲ್ಲ ಎಳೆ ತುಂಡು."

ವೆಂಕಟರವಣಪ್ಪನವರಿಗೆ ನಗು ಬಂತು. "ಹುಳಕ್ಕೆ ಕಿವಿ ಐತೇನಮ್ಮ?"

"ಕಿವಿ ಇಲ್ಲ ಕಣಣ್ಣ. ಮೈಯೆಲ್ಲ ಕಿವಿ."

ಅವಳು ಕೇಳಿದ್ದು ಇಷ್ಟೇ: ಹುಳ ಗೂಡು ಕಟ್ಟುವ ಮೂರು ದಿನ ಎಂಜಿನ್ ನಿಲ್ಲಿಸಬೇಕು. ಅದು ಸಣ್ಣ ಮಾತಲ್ಲ. ವೆಂಕಟರವಣಪ್ಪನವರ ಆಲೂಗಡ್ಡೆ ಆಗ ಗಡ್ಡೆ ಕಟ್ಟುವ ಹೊತ್ತು. ಮೂರು ದಿನ ನೀರು ತಪ್ಪಿದರೆ ಬೆಳೆ ಗೋಲಿ ಗಾತ್ರದಲ್ಲೇ ನಿಂತುಹೋಗುತ್ತದೆ. ಕಪಿಲೆಯ ಎತ್ತುಗಳನ್ನು ಆಗಲೇ ಮಾರಿಯಾಗಿತ್ತು. ಅದನ್ನೇ ಹೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಆದರೆ ಅವರು, "ಹುಳ ಅಷ್ಟು ಸೂಕ್ಷ್ಮ ಆದ್ರೆ ಊರಾಚೆ ಗುಡಿಸಲು ಹಾಕ್ಕಂಡು ಸಾಕ್ಲಿ" ಅಂದುಬಿಟ್ಟರು.

ಓಬಳಮ್ಮ ಸೆರಗಿನ ಗಂಟನ್ನು ಮತ್ತೆ ಬಿಗಿದುಕೊಂಡು ಎದ್ದು ಹೋದಳು.

"ಹಂಗೆ ಅನ್ನಬಾರ್ದಿತ್ತು ನೀವು" ಎಂದು ಒಳಗಿನಿಂದ ಹೆಂಡತಿ ವರಲಕ್ಷ್ಮಮ್ಮ ಅಂದರು. ಅದು ವೆಂಕಟರವಣಪ್ಪನವರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಕೋಪ ಹೆಚ್ಚಾಯಿತು. ನಾಳೆಯೋ ನಾಡಿದ್ದೋ ಇವಳು ಪಂಚಾಯಿತಿ ಸೇರಿಸುತ್ತಾಳೆ ಎಂದು ಅವರು ಮಾತು ಜೋಡಿಸಿಕೊಂಡು ಕಾದರು. ಬಾವಿ ನನ್ನದು, ನೆಲ ನನ್ನದು, ಎಂಜಿನ್ ನನ್ನದು. ಯಾರು ಕೇಳುತ್ತಾರೋ ನೋಡೋಣ!

ವಾರ ಕಳೆಯಿತು. ಯಾರೂ ಕರೆಯಲಿಲ್ಲ. ಅದರ ಬದಲು ಅವರ ಕಣ್ಣಿಗೆ ಒಂದು ವಿಚಿತ್ರ ಬಿತ್ತು.

ಬೆಳಿಗ್ಗೆ ಎಂಜಿನ್ ಶುರುವಾದ ಕೂಡಲೇ ಓಬಳಮ್ಮ ಒಂದು ಅಗಲವಾದ ಹಿತ್ತಾಳೆ ತಟ್ಟೆ ಹಿಡಿದು ಹಿತ್ತಲಿಗೆ ಬರುತ್ತಿದ್ದಳು. ತಟ್ಟೆಯ ತುಂಬ ನೀರು. ಅದನ್ನು ನೆಲದ ಮೇಲಿಟ್ಟು, ಮಂಡಿಯೂರಿ, ಮುಖ ಬಗ್ಗಿಸಿ ಬಹಳ ಹೊತ್ತು ನೋಡುತ್ತಿದ್ದಳು. ಆಮೇಲೆ ನಾಲ್ಕು ಹೆಜ್ಜೆ ಸರಿದು ಮತ್ತೆ ಇಡುತ್ತಿದ್ದಳು. ಗೋಡೆಯ ಬುಡ, ಬೇಲಿಯ ಪಕ್ಕ, ಓಣಿಯ ನಡುವೆ, ಎಲ್ಲ ಕಡೆ. ಇಟ್ಟಲ್ಲೆಲ್ಲ ಸುಣ್ಣದ ಬೊಟ್ಟು. ಹೀಗೆ ಐದಾರು ದಿನ ನಡೆಯುವಷ್ಟರಲ್ಲಿ ಊರಿನಲ್ಲಿ ಗುಸುಗುಸು ಹಬ್ಬಿತು. ಓಬಳಮ್ಮ ಎಂಜಿನ್ನಿಗೆ ಮಾಟ ಮಾಡಿಸುತ್ತಿದ್ದಾಳೆ, ಗೌರಿಬಿದನೂರಿನ ಕಡೆಯವರಿಗೆ ಅದೆಲ್ಲ ಬರುತ್ತದೆ ಎಂದು ಒಬ್ಬರು ಹೇಳಿದರು. ಅದೇ ದಿನ ಎಂಜಿನ್ ಯಾಕೋ ಎರಡು ಸಲ ನಿಂತಿತು. ವೆಂಕಟರವಣಪ್ಪನವರಿಗೆ ತಡೆಯಲಾಗಲಿಲ್ಲ. ಪಂಚೆ ಎತ್ತಿ ಕಟ್ಟಿಕೊಂಡು ಸೀದಾ ಓಣಿಗೆ ಬಂದರು.

"ಏನಮ್ಮ ಇದು? ಏನು ಮಾಡ್ತಿದೀಯ ನನ್ನ ಎಂಜಿನ್ನಿಗೆ?"

ಓಬಳಮ್ಮ ತಲೆಯೆತ್ತಿ ನೋಡಿದಳು. ಅವಳ ಮುಖದಲ್ಲಿ ಕೋಪವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. "ಬಾ ಅಣ್ಣ, ಇಲ್ಲಿ ಕೂತ್ಕ. ನೀನೂ ನೋಡು" ಎಂದಳು, ಮನೆಗೆ ಬಂದವರಿಗೆ ಮಣೆ ಹಾಕುವ ಹಾಗೆ.

ಅವರು ಕೂರಲಿಲ್ಲ, ಬಗ್ಗಿದರು. ತಟ್ಟೆಯ ನೀರಿನ ಮೇಲೆ ಕೂದಲೆಳೆಯಷ್ಟು ಸಣ್ಣ ಬಳೆಗಳು ಮೂಡಿ ಮೂಡಿ ಅಂಚಿಗೆ ಸರಿಯುತ್ತಿದ್ದವು. ಎಂಜಿನ್ ಒಂದು ಸಲ ಡುಗ್ ಎಂದರೆ ಒಂದು ಬಳೆ. ತಪ್ಪುವುದೇ ಇಲ್ಲ.

"ಸದ್ದು ಗಾಳಿಯಾಗೆ ಬರ್ತೈತೆ ಅಂತ ನಾನೂ ಅಂದ್ಕಂಡಿದ್ದೆ. ಬಾಗಿಲು ಕಿಟಕಿಗೆಲ್ಲ ಗೋಣಿ ಕಟ್ಟಿದೆ, ಗೋಡೆಗೆ ಹುಲ್ಲು ಒರಗಿಸ್ದೆ. ಕಿವಿಗೆ ಕಮ್ಮಿ ಆಯ್ತು. ನೀರಿಗೆ ಕಮ್ಮಿ ಆಗ್ಲಿಲ್ಲ. ಹುಳಕ್ಕೂ ಆಗ್ಲಿಲ್ಲ. ಆಗ ಗೊತ್ತಾಯ್ತು, ಇದು ನೆಲದೊಳಗಿಂದ ನಡ್ಕಂಡು ಬರ್ತೈತೆ."

ಅವಳು ತಟ್ಟೆಯನ್ನು ಎತ್ತಿಕೊಂಡಳು. ಒಂದು ತೊಟ್ಟು ಚೆಲ್ಲದ ಹಾಗೆ ನಡೆದು, ಹಿತ್ತಲಿನ ಮೂಲೆಯ ಹಳೆಯ ಹಗೇವಿನ ಆಚೆ ಬದಿಗೆ ಇಟ್ಟಳು. ಹಗೇವು ಅಂದರೆ ಹಿಂದಿನವರು ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಆವುಲಪ್ಪನ ತಾತನ ಕಾಲದ್ದು, ಈಗ ಬರಿದಾಗಿ ಬಿದ್ದಿತ್ತು.

"ಇಲ್ಲಿ ನೋಡು."

ವೆಂಕಟರವಣಪ್ಪ ಈ ಸಲ ಕೂತರು. ಎಂಜಿನ್ ಅದೇ ಜೋರಿನಲ್ಲಿ ಹೊಡೆದುಕೊಳ್ಳುತ್ತಿತ್ತು. ತಟ್ಟೆಯ ನೀರಿನಲ್ಲಿ ಬೇವಿನ ಕೊಂಬೆಯ ನೆರಳು ಮಿಸುಕದೆ ಬಿದ್ದಿತ್ತು. ಅವರು ನೋಡಿದರು. ಉಸಿರು ಬಿಗಿಹಿಡಿದು ಮತ್ತೊಮ್ಮೆ ನೋಡಿದರು. ಬಳೆ ಇರಲೇ ಇಲ್ಲ.

"ಗುಂಡಿ ದಾಟಕ್ಕೆ ಅದಕ್ಕೆ ಆಗಲ್ಲ ಅಣ್ಣ" ಎಂದಳು ಓಬಳಮ್ಮ. ಅವಳ ದನಿಯೂ ಕೆಳಗಿಳಿದಿತ್ತು. ತಾನು ಕಂಡದ್ದು ತನಗೇ ಪೂರ್ತಿ ನಂಬಿಕೆಯಾಗದ ಹಾಗೆ. "ನೆಲ ಇರೋ ಕಡೆಯೆಲ್ಲ ನಡೀತೈತೆ. ನೆಲ ಇಲ್ದಿರೋ ಕಡೆ ನಿಂತೋಗ್ತೈತೆ."

ಊರಿಗೆ ಎಂಜಿನ್ ತಂದ ಮನುಷ್ಯ, ಅದರ ಪುಸ್ತಕವನ್ನು ಮೇಸ್ತ್ರಿಯಿಂದ ಓದಿಸಿ ಕೇಳಿದ್ದ ಮನುಷ್ಯ, ಹಿತ್ತಲಿನ ಧೂಳಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಒಂದು ತಟ್ಟೆ ನೀರನ್ನು ನೋಡುತ್ತ ಇದ್ದುಬಿಟ್ಟರು. ಮಾಟದ ಮಾತು ಅವರಿಗೆ ಮರೆತೇ ಹೋಗಿತ್ತು. ಇಷ್ಟು ದಿನ ತಮ್ಮ ಕಾಲ ಕೆಳಗೇ ಆ ಸದ್ದು ನಡೆದು ಹೋಗುತ್ತಿತ್ತು, ತಮಗೆ ತಿಳಿದಿರಲಿಲ್ಲ.

"ನಿನಗೇನು ಬೇಕಮ್ಮ ಈಗ?"

"ನಿನ್ನ ಕಟ್ಟೆಗೂ ನನ್ನ ಗೋಡೆಗೂ ಮಧ್ಯ ಒಂದು ಗುಂಡಿ ತೋಡ್ಕಂತೀನಿ. ಉದ್ದಕ್ಕೆ. ಜಾಗ ನಿಂದು. ಕಟ್ಟೆ ಹತ್ರ ತೋಡಿದ್ರೆ ಚಿಕ್ಕದು ಸಾಕು, ದೂರ ಹೋದಷ್ಟೂ ದೊಡ್ಡದಾಗ್ತೈತೆ."

ಅವರು ತೋಡು ಎಂದರು. ಜಾಗ ಬಿಟ್ಟುಕೊಟ್ಟರೇ ಹೊರತು ಆಳು ಕಳಿಸಲಿಲ್ಲ. ಅಷ್ಟು ದೂರ ಅವರ ಮನಸ್ಸು ಇನ್ನೂ ಬಂದಿರಲಿಲ್ಲ. ಗಂಡ ಹೆಂಡತಿ ಇಬ್ಬರೇ ಹನ್ನೊಂದು ದಿನ ತೋಡಿದರು. ಆವುಲಪ್ಪ ಗುದ್ದಲಿ ಹಾಕುತ್ತಿದ್ದ, ಓಬಳಮ್ಮ ಮಂಕರಿಯಲ್ಲಿ ಮಣ್ಣು ಹೊತ್ತು ಹಾಕುತ್ತಿದ್ದಳು. ಮೇಲೆ ಕೆಮ್ಮಣ್ಣು, ಮೊಣಕಾಲುದ್ದ ಹೋದ ಮೇಲೆ ಗರಸು ಕಲ್ಲು. ಗುದ್ದಲಿ ಬಿದ್ದರೆ ಕಿಡಿ ಹಾರುತ್ತಿತ್ತು. ನಡುನಡುವೆ ಹುಳಕ್ಕೆ ಸೊಪ್ಪು ಹಾಕಲು ಓಡಿಹೋಗಿ, ಕೈತೊಳೆದು, ಮತ್ತೆ ಬರುತ್ತಿದ್ದಳು. ಎದೆಯ ಮಟ್ಟದ ಆಳ, ಮೊಳದಷ್ಟು ಅಗಲ, ಎಂಜಿನ್ ಕಟ್ಟೆಯ ಮೂರು ಬದಿಯನ್ನೂ ಬಳಸಿ ಗುಂಡಿ ತಯಾರಾಯಿತು. ತಟ್ಟೆ ಇಟ್ಟು ನೋಡಿದರೆ ನೀರಿನ ಬಳೆ ಮುಕ್ಕಾಲು ಪಾಲು ಸತ್ತುಹೋಗಿತ್ತು. ಆ ಸಲದ ಗೂಡಿನಲ್ಲಿ ಎಳೆ ಮೂರು ಕಡೆ, ನಾಲ್ಕು ಕಡೆ ಮಾತ್ರ ಕಡಿಯಿತು.

ಆದರೆ ಮೇ ತಿಂಗಳಲ್ಲಿ ಗುಡುಗು ಮಿಂಚಿನ ಮಳೆ ಒಂದೇ ಸಂಜೆ ಕೆರೆ ಕುಂಟೆ ತುಂಬುವ ಹಾಗೆ ಸುರಿಯಿತು. ಮಾರನೆಯ ಬೆಳಿಗ್ಗೆ ಗುಂಡಿಯಲ್ಲಿ ಸೊಂಟದ ಮಟ್ಟ ನೀರು, ಒಂದು ಬದಿಯ ಮಣ್ಣು ಕುಸಿದು ಒಳಗೆ. ಎಂಜಿನ್ ಹಾಕಿದ ಕೂಡಲೇ ಬಳೆಗಳು ಮತ್ತೆ ಬಂದವು. ಓಬಳಮ್ಮ ಗುಂಡಿಯ ಅಂಚಿನಲ್ಲಿ ಕೂತಿದ್ದಳು. ಅವಳ ಕಾಲು ಮೊಣಕಾಲಿನವರೆಗೆ ಕೆಸರು. ವೆಂಕಟರವಣಪ್ಪ ಬಂದು ಪಕ್ಕದಲ್ಲಿ ನಿಂತರು. ಇವಳು ಅಳುತ್ತಾಳೆ ಅಂದುಕೊಂಡಿದ್ದರು.

"ನೀರೂ ನೆಲದ ಥರಾನೇ ಅಣ್ಣ" ಎಂದಳು ಅವಳು. ಕಣ್ಣು ಇನ್ನೂ ನೀರಿನ ಮೇಲೇ ಇತ್ತು. "ನೀರು ತುಂಬಿದ್ರೆ ಅದು ದಾಟ್ಕಂಡು ಬರ್ತೈತೆ. ಏನೂ ಇರಬಾರ್ದು ಅದರೊಳಗೆ. ಬರೀ ಗಾಳಿ ಇರ್ಬೇಕು."

ಮನೆ ಮುರಿಯುವಂಥ ನಷ್ಟದ ನಡುವೆ ಕೂತು ಹೊಸದೊಂದು ಸಂಗತಿ ತಿಳಿಯಿತು ಎಂದು ಕಣ್ಣರಳಿಸುವ ಹೆಂಗಸನ್ನು ಅವರು ಅವತ್ತೇ ನೋಡಿದ್ದು. ಸೀದಾ ಮನೆಗೆ ಹೋದರು. ಮಧ್ಯಾಹ್ನಕ್ಕೆ ಎರಡು ಗಾಡಿ ಚಪ್ಪಡಿ ಕಲ್ಲು ಬಂತು. ಹೊಸ ದನದ ಕೊಟ್ಟಿಗೆಗೆಂದು ಅವರೇ ತರಿಸಿಟ್ಟಿದ್ದ ಕಲ್ಲು. ನಾಲ್ಕು ಆಳೂ ಬಂದರು. ಎರಡು ಬದಿಗೂ ಚಪ್ಪಡಿ ನಿಲ್ಲಿಸಿ, ಮೇಲೆ ಚಪ್ಪಡಿ ಮುಚ್ಚಿ, ತಳಕ್ಕೆ ಇಳಿಜಾರು ಕೊಟ್ಟು, ಒಳಗೆ ಬಂದ ನೀರು ಹೊಲದ ತಗ್ಗಿಗೆ ಹರಿದುಹೋಗುವ ಹಾಗೆ ಓಬಳಮ್ಮ ನಿಂತು ಹೇಳಿಸಿ ಮಾಡಿಸಿದಳು. ವೆಂಕಟರವಣಪ್ಪ ತಾವೂ ಪಂಚೆ ಕಟ್ಟಿ ಕಲ್ಲಿಗೆ ಹೆಗಲು ಕೊಟ್ಟರು.

ನೆಲದ ಸದ್ದು ಅಲ್ಲಿಗೆ ನಿಂತಿತು. ಗಾಳಿಯ ಸದ್ದು ಉಳಿದಿತ್ತು. ಎಂಜಿನ್ನಿನ ಹೊಗೆ ಪೈಪು ಆಕಾಶಕ್ಕೆ ಬಾಯಿ ತೆರೆದುಕೊಂಡು ಕೂಗುತ್ತಿತ್ತು. ಈಗ ಈ ಕೆಲಸ ಇಬ್ಬರದೂ ಆಗಿದ್ದರಿಂದ ವೆಂಕಟರವಣಪ್ಪ ನಲ್ಲಪ್ಪ ಮೇಸ್ತ್ರಿಯನ್ನು ಕರೆಸಿದರು. ಅವನು ಎರಡೂ ಕೈ ಆಡಿಸಿದ. "ಅದರ ಬಾಯಿ ಕಟ್ಟಿದ್ರೆ ಉಸಿರು ಕಟ್ಟಿ ಸಾಯ್ತೈತೆ ಸ್ವಾಮಿ. ಬಿಸಿ ಏರಿ ಕೆಟ್ಟೋಗ್ತೈತೆ ಎಂಜಿನ್."

"ಬಾಯಿ ಕಟ್ಟೋದು ಬ್ಯಾಡ ಮೇಸ್ತ್ರಿ" ಎಂದಳು ಓಬಳಮ್ಮ. "ದಾರಿ ಇಕ್ಕಟ್ಟು ಮಾಡಿದ್ರೆ ತಾನೇ ಉಸಿರು ಕಟ್ಟೋದು? ದಾರಿ ಅಗಲಾನೇ ಇರ್ಲಿ. ಉದ್ದ ಮಾಡಣ. ಹೋಗ್ತಾ ಹೋಗ್ತಾ ಸುಸ್ತಾಗಿ ಆಚೆ ಬರ್ಲಿ."

ನಲ್ಲಪ್ಪ ಹೊಗೆ ಪೈಪಿನ ಬಾಯಿಗೆ ಗೇಣು ಹಾಕಿ ಅಳೆದ.

ಮೊದಲು ಮಾಡಿದ್ದು ಕೆಟ್ಟಿತು. ರಾಗಿ ತುಂಬುವ ಆಳೆತ್ತರದ ಮಣ್ಣಿನ ವಾಡೆಯೊಂದನ್ನು ಕುತ್ತಿಗೆಯವರೆಗೆ ಹೂತು, ಪೈಪನ್ನು ಅದರೊಳಗೆ ಬಿಟ್ಟರು. ಎಂಜಿನ್ ಕಾಲು ಗಂಟೆ ಓಡಿತು. ಆಮೇಲೆ ವಾಡೆ ಢಮ್ಮೆಂದು ಸೀಳಿ, ಒಳಗಿದ್ದ ಮಸಿಯೆಲ್ಲ ಮೇಲೆದ್ದು, ವರಲಕ್ಷ್ಮಮ್ಮ ಹಗ್ಗದ ಮೇಲೆ ಹರವಿದ್ದ ಸೀರೆಗಳ ಮೇಲೆ ಮಳೆಯ ಹಾಗೆ ಬಿತ್ತು. ಆಕೆ ಒಂದು ವಾರ ಇಬ್ಬರ ಜೊತೆಗೂ ಮಾತು ಬಿಟ್ಟರು. ಎರಡನೆಯ ಸಲ ಮಣ್ಣಿನ ಪಾತ್ರೆ ಬೇಡ ಎಂದು ಆಳುದ್ದದ ಗುಂಡಿ ತೆಗೆದು, ಗೋಡೆಗೆ ಕಲ್ಲು ಕಟ್ಟಿ, ಒಳಗೆ ತಲೆಗಾತ್ರದ ಗುಂಡುಕಲ್ಲುಗಳನ್ನು ಸಡಿಲವಾಗಿ ತುಂಬಿದರು. ಹೊಗೆ ಆ ಕಲ್ಲುಗಳ ಸಂದಿಯಲ್ಲಿ ಸುತ್ತಿ ಸುತ್ತಿ, ಮುಚ್ಚಿದ ಚರಂಡಿಯ ಹಾಗಿದ್ದ ದಾರಿಯಲ್ಲಿ ಇಪ್ಪತ್ತು ಮಾರು ಹೋಗಿ, ಬಾಳೆಯ ಗುಂಪಿನ ಹಿಂದೆ ಹೊರಕ್ಕೆ ಬರಬೇಕು. ನಲ್ಲಪ್ಪ ಹೆದರುತ್ತಲೇ ಹ್ಯಾಂಡಲ್ ತಿರುಗಿಸಿದ.

ಎಂಜಿನ್ ಹಿಡಿಯಿತು. ಚಕ್ರ ತಿರುಗಿತು. ನೀರು ಬಂತು, ಮೊದಲ ದಿನದ ಹಾಗೇ, ತೋಳಿನ ಗಾತ್ರ. ಆದರೆ ಆ ಡುಗ್ ಡುಗ್ ಎಲ್ಲಿ ಹೋಯಿತು? ಬಾಳೆಯ ಹಿಂದೆ ಹಸು ಮೆಲುಕು ಹಾಕುವಂಥ ಒಂದು ಗುಕ್ ಗುಕ್. ಅಷ್ಟೇ. ನಲ್ಲಪ್ಪ ಎಂಜಿನ್ನನ್ನು ಮುಟ್ಟಿ ಮುಟ್ಟಿ ನೋಡಿದ, ಬಿಸಿ ಏರುತ್ತಿದೆಯೇ ಎಂದು. ಏರುತ್ತಿರಲಿಲ್ಲ. ಅವನು ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡು ಓಬಳಮ್ಮನನ್ನು ನೋಡಿದ. "ಏಮಮ್ಮಾ, ಯಾರು ಹೇಳ್ಕೊಟ್ರು ನಿಂಗೆ?" ಅಂದ.

"ಯಾರು ಹೇಳ್ಕೊಡ್ತಾರೆ" ಎಂದು ಅವಳು ಸೊಪ್ಪು ಹಾಕುವ ಹೊತ್ತಾಯಿತೆಂದು ಒಳಗೆ ಹೋದಳು.

ಆಗಸ್ಟಿನಲ್ಲಿ ಹುಳ ಹಣ್ಣಾದವು. ಹಣ್ಣಾಗುವುದು ಅಂದರೆ ಹುಳ ಮೇವು ಬಿಟ್ಟು, ಮೈ ಹೊಳಪಿನ ಹಳದಿಗೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುವುದು. ಅವನ್ನು ಒಂದೊಂದಾಗಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ. ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಓಬಳಮ್ಮ ತಾನಾಗಿಯೇ ಬೇಲಿಯ ಹತ್ತಿರ ಬಂದು ಕೂಗಿದಳು. "ಅಣ್ಣ, ಎಂಜಿನ್ ನಿಲ್ಲಿಸಬ್ಯಾಡ. ಓಡ್ತಾ ಇರ್ಲಿ. ನೀನು ಒಳಗೆ ಬಾ."

ಹುಟ್ಟಿದಾಗಿನಿಂದ ಪಕ್ಕದ ಮನೆಯವರಾಗಿದ್ದೂ ವೆಂಕಟರವಣಪ್ಪ ಆ ಹುಳುಮನೆಯ ಒಳಕ್ಕೆ ಕಾಲಿಟ್ಟಿರಲಿಲ್ಲ. ಕಾಲು ತೊಳೆದು, ಬಗ್ಗಿ, ಒಳಗೆ ಹೋದರು. ಮೊದಲು ಏನೂ ಕಾಣಲಿಲ್ಲ. ಹಸಿ ಸೊಪ್ಪಿನ, ಸುಣ್ಣದ, ಬಿದಿರಿನ ವಾಸನೆ ಮಾತ್ರ. ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದು: ಗೋಡೆಗೆ ಒರಗಿದ ಚಂದ್ರಿಕೆಗಳ ಸಾಲು, ಸುರುಳಿ ಸುರುಳಿಯಾಗಿ ಹೆಣೆದ ಒಂದೊಂದು ಸಂದಿಯಲ್ಲೂ ಒಂದೊಂದು ಹುಳ, ಒಂದೊಂದು ಹುಳವೂ ತನ್ನ ಸುತ್ತ ಮಂಜಿನಂಥ ತೆರೆಯೊಂದನ್ನು ಎಳೆದುಕೊಂಡು ಅದರೊಳಗೆ ತಲೆಯನ್ನು ಇತ್ತಿಂದತ್ತ, ಅತ್ತಿಂದಿತ್ತ ಆಡಿಸುತ್ತಿತ್ತು. ಸಾವಿರಾರು ತಲೆ. ಒಂದೂ ನಿಂತಿರಲಿಲ್ಲ. ಒಂದೂ ಮೇಲೆ ನೋಡುತ್ತಿರಲಿಲ್ಲ. ಹುಲ್ಲಿನ ಮಾಡಿನ ಸಂದಿಯಿಂದ ಇಳಿದ ಬಿಸಿಲಿನ ಕೋಲೊಂದು ತಾಗಿದ ಕಡೆ ಎಳೆಗಳು ಬಂಗಾರದ ಬಣ್ಣಕ್ಕೆ ಮಿನುಗುತ್ತಿದ್ದವು.

ಅವರು ಕಿವಿಗೊಟ್ಟರು. ಹೊರಗೆ ತಮ್ಮ ಎಂಜಿನ್ ಓಡುತ್ತಿದೆ ಎಂದು ನಂಬುವುದಕ್ಕೆ ಬಾಗಿಲಿಗೆ ಹೋಗಿ ಕಾಲುವೆಯ ನೀರನ್ನು ನೋಡಿ ಬರಬೇಕಾಯಿತು. ಬಂದು ಮತ್ತೆ ನಿಂತಾಗ, ಆ ನಿಶ್ಶಬ್ದದೊಳಗೆ ಇನ್ನೊಂದು ಸದ್ದು ಇದೆ ಅನ್ನಿಸಿತು. ಒಣ ಎಲೆಯ ಮೇಲೆ ಇಬ್ಬನಿ ಸರಿದಂಥ, ಇದೆಯೋ ಇಲ್ಲವೋ ಎನ್ನುವಂಥದ್ದು.

"ಅದೇ ಅಣ್ಣ" ಎಂದು ಓಬಳಮ್ಮ ಪಿಸುಗುಟ್ಟಿದಳು. "ಕಟ್ಟೋ ಸದ್ದು. ನಿನಗೂ ಕೇಳಿಸ್ತಾ?"

ವೆಂಕಟರವಣಪ್ಪ ತಲೆಯಾಡಿಸಿದರು. ಇಂಥದ್ದೊಂದು ಕೆಲಸ ತಮ್ಮ ಗೋಡೆಯ ಆಚೆ ವರ್ಷಕ್ಕೆ ಐದಾರು ಸಲ ನಡೆಯುತ್ತಿತ್ತು, ತಮ್ಮ ಹುಟ್ಟಿಗೂ ಮೊದಲಿನಿಂದ. ಊರಾಚೆ ಗುಡಿಸಲು ಹಾಕಿಕೊಳ್ಳಲಿ ಎಂದಿದ್ದರಲ್ಲ ತಾವು!

"ಓಬಳಮ್ಮ, ಅವತ್ತು ನಾನು ಆಡಿದ ಮಾತು..." ಎಂದು ಶುರುಮಾಡಿದರು.

"ಮೆಲ್ಲಗೆ ಅಣ್ಣ" ಎಂದಳು ಅವಳು, ತುಟಿಯ ಮೇಲೆ ಬೆರಳಿಟ್ಟು.

ಗೂಡು ಬಿಡಿಸಿದ ಮೇಲೆ ಬುಟ್ಟಿಯ ಜೊತೆಯಲ್ಲಿ ಅವರೂ ಶಿಡ್ಲಘಟ್ಟಕ್ಕೆ ಹೋದರು. ಪ್ಯಾರೇಜಾನ್ ಸಾಬರು ಅರವತ್ತು ದಾಟಿದ ಮನುಷ್ಯ. ಕುದಿನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿಗಳು ಬೆಳ್ಳಗೆ ಬೆಂದುಹೋಗಿದ್ದವು. ಓಬಳಮ್ಮ ನಡೆದದ್ದನ್ನೆಲ್ಲ ಹೇಳಿದಳು. ಸಾಬರು ಕೇಳಿಸಿಕೊಂಡು, ಒಂದೇ ಒಂದು ಗೂಡನ್ನು ಬಿಸಿನೀರಿಗೆ ಹಾಕಿ, ಕಡ್ಡಿಯಿಂದ ತಟ್ಟಿ, ಅದರ ತುದಿ ಹುಡುಕಿದರು. ಸಾಮಾನ್ಯವಾಗಿ ಹತ್ತು ಹನ್ನೆರಡು ಗೂಡಿನ ಎಳೆ ಕೂಡಿಸಿ ನೂಲು ಮಾಡುತ್ತಾರೆ. ಅವರು ಆ ಒಂದೇ ಎಳೆಯನ್ನು ರಾಟೆಗೆ ಹತ್ತಿಸಿದರು.

"ಇದು ಕಡಿಯೋ ತನಕ ತಿರುಗಿಸ್ತೀನಿ" ಎಂದರು.

ರಾಟೆ ತಿರುಗಿತು. ಎಳೆ ಕಣ್ಣಿಗೆ ಕಾಣುತ್ತಿರಲಿಲ್ಲ. ನೀರಿನಲ್ಲಿ ಗೂಡು ಕುಣಿಯುವುದರಿಂದ ಮಾತ್ರ ಎಳೆ ಬರುತ್ತಿದೆ ಎಂದು ಗೊತ್ತಾಗುತ್ತಿತ್ತು. ಅಕ್ಕಪಕ್ಕದವರು ತಮ್ಮ ಕೆಲಸ ಬಿಟ್ಟು ಬಂದು ನಿಂತರು. ಗೂಡು ತೆಳುವಾಗುತ್ತ ಬಂತು, ಒಳಗಿನ ಕಂದು ಹುಳ ನೆರಳಿನ ಹಾಗೆ ಕಂಡಿತು, ಆಮೇಲೆ ಸ್ಪಷ್ಟವಾಗಿ ಕಂಡಿತು. ಕೊನೆಗೆ ಎಳೆ ಮುಗಿದು ಹುಳ ಒಂದೇ ನೀರಿನಲ್ಲಿ ತೇಲಿತು. ಎಲ್ಲೂ ಕಡಿದಿರಲಿಲ್ಲ. ಸಾಬರು ರಾಟೆಯ ಸುತ್ತು ಲೆಕ್ಕ ಹಾಕಿ, "ಇಲ್ಲಿಂದ ಹಿಡಿದ್ರೆ ಪೇಟೆ ಮಸೀದಿ ಬಾಗಿಲು ಮುಟ್ಟತ್ತೆ ಇದು" ಎಂದರು. ವೆಂಕಟರವಣಪ್ಪ ತಿರುಗಿ ಬೀದಿಯ ಉದ್ದಕ್ಕೂ ನೋಡಿದರು. ಮಸೀದಿಯ ಬಾಗಿಲು ಬಹಳ ದೂರದಲ್ಲಿತ್ತು.

ಆಮೇಲಿನ ವರ್ಷಗಳಲ್ಲಿ ಸುತ್ತಿನ ಊರುಗಳಿಗೆಲ್ಲ ಎಂಜಿನ್ ಬಂದವು. ಹುಳ ಸಾಕುವವರೂ ಎಂಜಿನ್ ಇಡುವವರೂ ಜಗಳವಾಡಿಕೊಂಡು ಕುಂಟಪಾಳ್ಯಕ್ಕೆ ಬರುತ್ತಿದ್ದರು. ಅಲೀಪುರದಿಂದ ಒಬ್ಬರು ಬಂದರು, ಚಿಂತಾಮಣಿಯಿಂದ ತರಕಾರಿ ಬೆಳೆಯುವ ಅಣ್ಣತಮ್ಮಂದಿರು ಬಂದರು. ವೆಂಕಟರವಣಪ್ಪ ಚಪ್ಪಡಿ ಎತ್ತಿಸಿ ಒಳಗಿನ ಖಾಲಿ ಜಾಗ ತೋರಿಸುತ್ತಿದ್ದರು. ಇದನ್ನು ಮಾಡಿದ್ದು ನಾನಲ್ಲ, ಆ ಮನೆಯವಳು ಎಂದು ಕೈ ತೋರುತ್ತಿದ್ದರು. ಒಂದು ಸಲ ಬೆಂಗಳೂರಿನಿಂದ ಜೀಪಿನಲ್ಲಿ ಬಂದ ಇಂಜಿನಿಯರೊಬ್ಬರು ಗುಂಡಿಯನ್ನು ಟೇಪು ಹಿಡಿದು ಅಳೆದು, ಬರೆದುಕೊಂಡು, ಓಬಳಮ್ಮನನ್ನು ನಾಲ್ಕು ಪ್ರಶ್ನೆ ಕೇಳಿ, ಹೊರಡುವಾಗ ಅವಳಿಗೆ ಟೋಪಿ ತೆಗೆದು ನಮಸ್ಕಾರ ಮಾಡಿದರು. ಅದನ್ನು ಊರಿನವರು ಬಹಳ ದಿನ ಹೇಳಿಕೊಂಡರು.

ಅರವತ್ತನಾಲ್ಕರಲ್ಲಿ ಕುಂಟಪಾಳ್ಯಕ್ಕೆ ಕರೆಂಟು ಬಂತು. ವೆಂಕಟರವಣಪ್ಪ ಎಂಜಿನ್ ಮಾರಿ ಮೋಟಾರು ಹಾಕಿಸಿದರು. ಆ ವರ್ಷವೇ ಚಿಕ್ಕಬಳ್ಳಾಪುರದ ಹತ್ತಿರದ ಊರೊಂದರ ಹೆಡ್‌ಮಾಸ್ಟರು ಅನಂತರಾಮಯ್ಯ ಓಬಳಮ್ಮನನ್ನು ಹುಡುಕಿಕೊಂಡು ಬಂದರು. ಅವರ ಶಾಲೆಯ ಗೋಡೆಗೆ ಒತ್ತಿ ಅಕ್ಕಿ ಗಿರಣಿ ಎದ್ದಿತ್ತು. ಮಕ್ಕಳಿಗೆ ಪಾಠ ಕೇಳಿಸುತ್ತಿರಲಿಲ್ಲ, ಹಿಂದಿನ ಬೆಂಚಿನವರು ಬರೆಯುವುದನ್ನೇ ಬಿಟ್ಟಿದ್ದರು. ಓಬಳಮ್ಮ ಮೂರು ದಿನ ಹುಳವನ್ನು ಆವುಲಪ್ಪನಿಗೆ ಒಪ್ಪಿಸಿ ಹೋದಳು. ವೆಂಕಟರವಣಪ್ಪನವರೂ ಜೊತೆಯಲ್ಲಿ ಹೋದರು. ಈಗ ಅವರಿಗೆ ಎಪ್ಪತ್ತರ ಹತ್ತಿರ. ಗಿರಣಿಯ ಯಜಮಾನ ಮೊದಲ ದಿನ ರೇಗಿದ, ಎರಡನೆಯ ದಿನ ನೋಡಿದ, ಮೂರನೆಯ ದಿನ ತಾನೇ ಆಳು ಕೊಟ್ಟ. ಓಬಳಮ್ಮ ಶಾಲೆಯ ಅಂಗಳದ ತುಂಬ ಸುಣ್ಣದ ಗೆರೆ ಎಳೆದು, ಇಲ್ಲಿ ತೋಡಿ, ಇಲ್ಲಿ ಬೇಡ ಎಂದು ಹೇಳಿ ಬಂದಳು.

ತಿಂಗಳು ಕಳೆದು ಕೆಲಸ ಮುಗಿದಿದೆ ಎಂದು ಕಾಗದ ಬಂದಾಗ ಇಬ್ಬರೂ ಮತ್ತೊಮ್ಮೆ ಹೋದರು. ಗಿರಣಿ ಓಡುತ್ತಿತ್ತು. ಬಾಗಿಲಲ್ಲಿ ಭತ್ತದ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಅನಂತರಾಮಯ್ಯ ಪಾಠ ಮಾಡುತ್ತಿದ್ದರು. ಪಾಠಕ್ಕೆ ಅಡ್ಡ ಬರುವುದು ಬೇಡ ಎಂದು ಇಬ್ಬರೂ ಹೊರಗಿನ ಜಗಲಿಯ ಮೇಲೆ ಕೂತರು. ಒಳಗಿನಿಂದ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಭೂಮಿ ಸೂರ್ಯನನ್ನು ಸುತ್ತುವ ಪಾಠ. ಓಬಳಮ್ಮ ಶಾಲೆಯ ಮೆಟ್ಟಿಲು ಹತ್ತಿದವಳೇ ಅಲ್ಲ. ಗೋಡೆಗೆ ಒರಗಿ, ಕೈ ಮಡಿಲಲ್ಲಿಟ್ಟುಕೊಂಡು, ಬಾಯಿ ಕೊಂಚ ತೆರೆದು ಕೇಳುತ್ತಿದ್ದಳು.

"ನಾವು ಕೂತಿರೋ ನೆಲ ಸುತ್ತುತ್ತೈತಂತಾ ಅಣ್ಣ?" ಎಂದು ಪಿಸುದನಿಯಲ್ಲಿ ಕೇಳಿದಳು. "ಇಷ್ಟು ದೊಡ್ಡದು, ಸದ್ದೇ ಇಲ್ದಂಗೆ?"

ವೆಂಕಟರವಣಪ್ಪ ಬಾಗಿಲ ಕಡೆಗೆ ಇನ್ನಷ್ಟು ಸರಿದು ಕೂತರು. ಒಳಗೆ ಮೇಷ್ಟರು ಮುಂದುವರಿಸುತ್ತಿದ್ದರು. ಬೆಲ್ಲು ಹೊಡೆಯುವವರೆಗೆ ಅವರಿಬ್ಬರೂ ಅಲ್ಲಿಂದ ಏಳಲಿಲ್ಲ.